ಮೊಟ್ಟೆಯಿಂದ ಮುಪ್ಪಿನವರೆಗೆ: ಮೆಲ್ಬರ್ನಿನ ಒಂದು ಪ್ರಯೋಗಾಲಯದ ಜನ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆ ಹುಟ್ಟಿದ್ದು ಚಿನ್ನದ ಹಣದಿಂದ. ಕ್ವೀನ್ಸ್‌ಲ್ಯಾಂಡಿನ ಮೌಂಟ್ ಮಾರ್ಗನ್ ಗಣಿಯಲ್ಲಿ ಪಾಲು ಹೊಂದಿ ಸಿರಿವಂತರಾಗಿದ್ದ ವಾಲ್ಟರ್ ಹಾಲ್ 1911ರಲ್ಲಿ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ಪತ್ನಿ ಎಲೈಜಾ ಮರುವರ್ಷವೇ ಹತ್ತು ಲಕ್ಷ ಪೌಂಡುಗಳನ್ನು ದತ್ತಿಯಾಗಿ ಎತ್ತಿಟ್ಟರು. ಅದರ ಒಂದಂಶವನ್ನು ವೈದ್ಯಕೀಯ ಸಂಶೋಧನೆಗೆ ಬಳಸಬೇಕೆಂದು ಒತ್ತಾಯಿಸಿದವರು ಮೆಲ್ಬರ್ನ್ ವಿಶ್ವವಿದ್ಯಾಲಯದ ರೋಗಶಾಸ್ತ್ರದ ಪ್ರಾಧ್ಯಾಪಕ ಹ್ಯಾರಿ ಆಲನ್. ದತ್ತಿಯ ಹಣ, ಮೆಲ್ಬರ್ನ್ ಆಸ್ಪತ್ರೆಯ ಜಾಗ, ವಿಶ್ವವಿದ್ಯಾಲಯದ ವಿದ್ವತ್ತು ಈ ಮೂರೂ ಸೇರಿ 1915ರಲ್ಲಿ ಸಂಸ್ಥೆ ರೂಪುಗೊಂಡಿತು. ಮೊದಲ ನಿರ್ದೇಶಕರಾಗಬೇಕಿದ್ದ ಗಾರ್ಡನ್ ಮ್ಯಾಥಿಸನ್ ಎಂಬ ಪ್ರತಿಭಾವಂತ ಯುವ ವೈದ್ಯರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಗಲಿಪೊಲಿಯ ಯುದ್ಧದಲ್ಲಿ ಗಾಯಗೊಂಡು ಅದೇ ವರ್ಷದ ಮೇ ತಿಂಗಳಲ್ಲಿ ಪ್ರಾಣ ಬಿಟ್ಟರು. ಯುದ್ಧ ಮುಗಿದ ಮೇಲೆ 1919ರಲ್ಲಿ ಸಿಡ್ನಿ ಪ್ಯಾಟರ್ಸನ್, 1923ರಲ್ಲಿ ಚಾರ್ಲ್ಸ್ ಕೆಲಾವೇ ನಿರ್ದೇಶಕರಾದರು.

ಸಂಸ್ಥೆಗೆ ಸಂಶೋಧನಾ ಕೇಂದ್ರದ ಮೈಕಟ್ಟು ಬಂದದ್ದು ಕೆಲಾವೇ ಕಾಲದಲ್ಲಿ. ಸ್ವತಃ ಹಾವಿನ ವಿಷವನ್ನು ಅಧ್ಯಯನ ಮಾಡುತ್ತಿದ್ದ ಅವರು ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ ಎಂದು ಕೆಲಸವನ್ನು ವಿಂಗಡಿಸಿದರು. ಹಣಕ್ಕಾಗಿ ಸರ್ಕಾರದ ಬಾಗಿಲು ತಟ್ಟಿದರು. ಚುರುಕಾದ ಹುಡುಗರನ್ನು ಲಂಡನ್ನಿಗೆ ಕಳಿಸಿ ತರಬೇತಿ ಕೊಡಿಸಿದರು. ಹಾಗೆ ಹೋಗಿಬಂದವರಲ್ಲಿ ಒಬ್ಬರು ಫ್ರಾಂಕ್ ಮೆಕ್‌ಫರ್ಲೇನ್ ಬರ್ನೆಟ್. 1899ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಟ್ರರಾಲ್ಗನ್ ಎಂಬ ಊರಿನಲ್ಲಿ ಬ್ಯಾಂಕ್ ಮ್ಯಾನೇಜರರ ಮಗನಾಗಿ ಹುಟ್ಟಿದ ಬರ್ನೆಟ್ ಸಂಕೋಚದ ಸ್ವಭಾವದವರು. ಬಾಲ್ಯದಲ್ಲಿ ಜನರಿಗಿಂತ ಜೀರುಂಡೆಗಳ ಜೊತೆ ಹೆಚ್ಚು ಹೊತ್ತು ಕಳೆದವರು. ಹುಳುಗಳನ್ನು ಹಿಡಿದು, ಹೋಲಿಸಿ, ಬಗೆಬಗೆಯಾಗಿ ಜೋಡಿಸಿಡುವ ಆ ಹುಡುಗನ ಗೀಳು ಮುಂದೆ ವೈರಸ್‌ಗಳ ಕಡೆಗೆ ತಿರುಗಿತು. ರೋಗಾಣುವನ್ನು ಅವರು ಎಂದೂ ಬರೀ ಶತ್ರುವಾಗಿ ಕಾಣಲಿಲ್ಲ. ತನ್ನ ಪರಿಸರದಲ್ಲಿ ಬದುಕಲು ಹೆಣಗುವ ಜೀವಿಯಾಗಿ ಕಂಡರು. ಅವರ ಎಲ್ಲ ಮುಖ್ಯ ಚಿಂತನೆಗಳ ಬೇರು ಈ ನೋಟದಲ್ಲಿದೆ.

1928ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್ ಪಟ್ಟಣದಲ್ಲಿ ಡಿಫ್ತೀರಿಯಾ ಚುಚ್ಚುಮದ್ದು ಹಾಕಿಸಿಕೊಂಡ ಇಪ್ಪತ್ತೊಂದು ಮಕ್ಕಳಲ್ಲಿ ಹನ್ನೆರಡು ಮಕ್ಕಳು ಸತ್ತವು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗಕ್ಕೆ ಕೆಲಾವೇ ಅಧ್ಯಕ್ಷರು. ಪ್ರಯೋಗಾಲಯದ ಕೆಲಸ ಬರ್ನೆಟ್ ಅವರದು. ಹಲವು ಸಲ ಸೂಜಿ ಚುಚ್ಚಿ ತೆಗೆಯುವ ಒಂದೇ ಸೀಸೆಯಲ್ಲಿ ಔಷಧವಿತ್ತು. ಅದು ಕೆಡದಂತೆ ಕಾಯುವ ರಾಸಾಯನಿಕ ಸೇರಿರಲಿಲ್ಲ. ಸೀಸೆಯೊಳಗೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದಿತ್ತು ಎಂಬುದು ಹೊರಬಿತ್ತು. ವಿಚಾರಣೆ ಮುಗಿದರೂ ಬರ್ನೆಟ್ ಆ ಬ್ಯಾಕ್ಟೀರಿಯಾದ ವಿಷವನ್ನು ಬಿಡಲಿಲ್ಲ. ನಿರ್ವಿಷಗೊಳಿಸಿದ ವಿಷವನ್ನು ಪ್ರಾಣಿಗಳಿಗೆ ಎರಡನೆಯ ಸಲ ಚುಚ್ಚಿದಾಗ ರಕ್ತದಲ್ಲಿ ಪ್ರತಿಕಾಯಗಳು ಏರುವ ರೀತಿ ಅವರ ಗಮನ ಸೆಳೆಯಿತು. ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವ ಬ್ಯಾಕ್ಟೀರಿಯಾದ ಏರಿಕೆಯಂತೆಯೇ ಅದೂ ಇತ್ತು. ಹಾಗಾದರೆ ದೇಹದೊಳಗೆ ಏನೋ ಒಂದು ಸಂತಾನ ಬೆಳೆಸುತ್ತಿರಬೇಕು. ಈ ಊಹೆ ಪಕ್ವವಾಗಲು ಮೂವತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯ ಸಾಮಗ್ರಿ ಕೋಳಿಮೊಟ್ಟೆಯಾಗಿತ್ತು. ವೈರಸ್ ಜೀವಂತ ಕೋಶದ ಹೊರಗೆ ಬೆಳೆಯದು. ಕೋತಿಯಂಥ ಪ್ರಾಣಿಗಳನ್ನು ಸಾಕುವುದು ದುಬಾರಿ. ಕಾವು ಕೊಟ್ಟ ಮೊಟ್ಟೆಯಲ್ಲಿ ವೈರಸ್ ಬೆಳೆಸಬಹುದೆಂದು 1931ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲಿಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ ತೋರಿಸಿದ್ದರು. ಮರುವರ್ಷ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಹೋದ ಬರ್ನೆಟ್ ಆ ವಿಧಾನವನ್ನು ಕೈವಶ ಮಾಡಿಕೊಂಡು ತಿದ್ದಿ ತೀಡಿದರು. ಚಿಪ್ಪಿನಲ್ಲಿ ಸಣ್ಣ ಕಿಂಡಿ ಕೊರೆದು, ಭ್ರೂಣವನ್ನು ಸುತ್ತಿದ ತೆಳು ಪೊರೆಯ ಮೇಲೆ ವೈರಸ್ ಇರುವ ಒಂದು ಹನಿ ಬಿಟ್ಟು, ಕಿಂಡಿ ಮುಚ್ಚಿ ಮತ್ತೆ ಕಾವಿಗಿಟ್ಟರೆ ಕೆಲವೇ ದಿನಗಳಲ್ಲಿ ಪೊರೆಯ ಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ. ಚುಕ್ಕೆ ಎಣಿಸಿದರೆ ವೈರಸ್ಸಿನ ಪ್ರಮಾಣ ತಿಳಿಯುತ್ತದೆ. ಅಗ್ಗದ, ಎಲ್ಲೆಡೆ ಸಿಗುವ ಮೊಟ್ಟೆ ಹೀಗೆ ಅಳತೆಗೋಲಾಯಿತು. 1933ರಲ್ಲಿ ಅದೇ ಹ್ಯಾಂಪ್‌ಸ್ಟೆಡ್‌ನಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಮೊದಲು ಸಿಕ್ಕಿತು. ಮೆಲ್ಬರ್ನಿಗೆ ಮರಳಿದ ಬರ್ನೆಟ್ ಅದನ್ನು ಮೊಟ್ಟೆಗೆ ಹೊಂದಿಸುವುದರಲ್ಲಿ ತೊಡಗಿದರು. 1940ರ ಸುಮಾರಿಗೆ ಭ್ರೂಣದ ಸುತ್ತಲಿನ ದ್ರವದಲ್ಲಿ ಅದು ಹೇರಳವಾಗಿ ಬೆಳೆಯುವ ದಾರಿ ಕಂಡಿತು. ಇಂದಿಗೂ ಜಗತ್ತಿನ ಫ್ಲೂ ಲಸಿಕೆಯ ಬಹುಪಾಲು ಮೊಟ್ಟೆಯಲ್ಲೇ ತಯಾರಾಗುತ್ತದೆ. ಆದರೆ ಬರ್ನೆಟ್ ಅವರ ಸ್ವಂತ ಲಸಿಕೆ ಗೆಲ್ಲಲಿಲ್ಲ. ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನು ಸೈನಿಕರ ಮೂಗಿಗೆ ಸಿಂಪಡಿಸಿದ ಯುದ್ಧಕಾಲದ ಪ್ರಯೋಗ ನಿರೀಕ್ಷಿತ ಫಲ ಕೊಡಲಿಲ್ಲ. ಅಮೆರಿಕನ್ನರ ನಿಷ್ಕ್ರಿಯ ಲಸಿಕೆಯೇ ಮೇಲಾಯಿತು.

ಈ ಮೊಟ್ಟೆಗಳ ಹಿಂದಿನ ಕೈಗಳಲ್ಲಿ ಬಹುಪಾಲು ಹೆಂಗಸರವು. ಬರ್ನೆಟ್ ಅವರ ಹೆಸರಿನ ಬೆಳಕಿನಲ್ಲಿ ಅವರ ಹೆಸರುಗಳು ಮಂಕಾಗಿರುವುದರಿಂದ ಇಲ್ಲಿ ತುಸು ನಿಲ್ಲಬೇಕು. ಮಕ್ಕಳ ವೈದ್ಯೆ ಜೀನ್ ಮ್ಯಾಕ್‌ನಮಾರಾ ಬರ್ನೆಟ್ ಜೊತೆಗೂಡಿ 1931ರಲ್ಲಿ ಪೋಲಿಯೊ ವೈರಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆಯೆಂದು ತೋರಿಸಿದರು. ಒಂದು ಬಗೆಯಿಂದ ರಕ್ಷಣೆ ಪಡೆದ ದೇಹ ಇನ್ನೊಂದಕ್ಕೆ ತುತ್ತಾಗಬಹುದು ಎಂಬ ಈ ಸಂಗತಿ ಇಪ್ಪತ್ತು ವರ್ಷಗಳ ನಂತರ ಪೋಲಿಯೊ ಲಸಿಕೆ ತಯಾರಿಸಿದವರಿಗೆ ತಳಹದಿಯಾಯಿತು. ಮೇವಿಸ್ ಫ್ರೀಮನ್ ಜೀವರಸಾಯನ ಬಲ್ಲವರು. ಬ್ರಿಸ್ಬೇನಿನ ಕಸಾಯಿಖಾನೆಯ ಕೆಲಸಗಾರರಲ್ಲಿ ಹಬ್ಬಿದ್ದ ಜ್ವರದ ಮಾದರಿಗಳನ್ನು ವೈದ್ಯ ಎಡ್ವರ್ಡ್ ಡೆರಿಕ್ ಮೆಲ್ಬರ್ನಿಗೆ ಕಳಿಸಿದಾಗ, ಅದರ ಕಾರಣ ರಿಕೆಟ್ಸಿಯಾ ಜಾತಿಯ ಸೂಕ್ಷ್ಮಜೀವಿ ಎಂದು 1937ರಲ್ಲಿ ಗುರುತಿಸಿದವರು ಬರ್ನೆಟ್ ಮತ್ತು ಫ್ರೀಮನ್ ಇಬ್ಬರೂ. ಕ್ಯೂ ಜ್ವರವೆಂದು ಕರೆಸಿಕೊಂಡ ಆ ರೋಗದ ಜೀವಿಗೆ ಇಬ್ಬರಲ್ಲಿ ಬರ್ನೆಟ್ ಹೆಸರಷ್ಟೇ ಅಂಟಿತು. ಕಾಕ್ಸಿಯೆಲ್ಲಾ ಬರ್ನೆಟೈ ಎಂದು ಪುಸ್ತಕಗಳಲ್ಲಿ ಉಳಿಯಿತು.

ಡೋರಾ ಲಷ್ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಓದಿ ಸಂಸ್ಥೆಗೆ ಸೇರಿದ ಬ್ಯಾಕ್ಟೀರಿಯಾ ತಜ್ಞೆ. ಇನ್‌ಫ್ಲುಯೆಂಜಾ ಮತ್ತು ಹರ್ಪಿಸ್ ವೈರಸ್‌ಗಳ ಮೇಲೆ ಬರ್ನೆಟ್ ಜೊತೆ ಹಲವು ಪ್ರಬಂಧ ಬರೆದವರು. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಸೈನಿಕರನ್ನು ಕೊಲ್ಲುತ್ತಿದ್ದ ಸ್ಕ್ರಬ್ ಟೈಫಸ್‌ಗೆ ಲಸಿಕೆ ಹುಡುಕುವ ಕೆಲಸ ಅವರ ಪಾಲಿಗೆ ಬಂತು. 1943ರ ಏಪ್ರಿಲ್‌ನಲ್ಲಿ ಇಲಿಗೆ ಚುಚ್ಚುವಾಗ ಸೂಜಿ ಅವರ ಬೆರಳಿಗೇ ನಾಟಿತು. ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಕಾಯಿಲೆ ಏರುತ್ತಿದ್ದರೂ ಸಂಶೋಧನೆಗೆ ನೆರವಾಗಲೆಂದು ತಮ್ಮ ರಕ್ತದ ಮಾದರಿಗಳನ್ನು ತೆಗೆದುಕೊಳ್ಳುವಂತೆ ಅವರು ಸಹೋದ್ಯೋಗಿಗಳಿಗೆ ಹೇಳಿದರು. ಮೇ 20ರಂದು ತೀರಿಕೊಂಡರು, ವಯಸ್ಸು ಮೂವತ್ತೆರಡು. ಆಸ್ಟ್ರೇಲಿಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಯುವ ಸಂಶೋಧಕರಿಗೆ ನೀಡುವ ವಿದ್ಯಾರ್ಥಿವೇತನಕ್ಕೆ ಅವರ ಹೆಸರಿಟ್ಟಿತು. ಡಯಾನಾ ಬುಲ್, ಜಾಯ್ಸ್ ಸ್ಟೋನ್, ಮಾರ್ಗರೆಟ್ ಎಡ್ನಿ, ಪ್ಯಾಟ್ರೀಷಿಯಾ ಲಿಂಡ್ ಅವರ ಹೆಸರುಗಳೂ ನಲವತ್ತು ಮತ್ತು ಐವತ್ತರ ದಶಕದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದೊಡ್ಡ ತಂಡ ಕಟ್ಟುವುದು ಬರ್ನೆಟ್ ಅವರಿಗೆ ಒಗ್ಗುತ್ತಿರಲಿಲ್ಲ. ಒಬ್ಬರೋ ಇಬ್ಬರೋ ಸಹಾಯಕರ ಜೊತೆ, ಸರಳ ಉಪಕರಣಗಳಿಂದ, ತಾವೇ ಮೇಜಿನ ಮುಂದೆ ಕೂತು ಮಾಡುವ ಕೆಲಸವೇ ಅವರಿಗಿಷ್ಟ. ಅಂಥ ಕಡೆ ಸಹಾಯಕರೆಂದರೆ ಅರ್ಧ ಪ್ರಯೋಗಾಲಯವೇ.

1944ರಲ್ಲಿ ಕೆಲಾವೇ ಇಂಗ್ಲೆಂಡಿಗೆ ಹೊರಟರು. ಹಾರ್ವರ್ಡ್ ವಿಶ್ವವಿದ್ಯಾಲಯದ ಕರೆಯನ್ನು ಒಲ್ಲೆನೆಂದ ಬರ್ನೆಟ್ ನಿರ್ದೇಶಕರಾದರು. ಜೊತೆಗೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರಾಯೋಗಿಕ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯೂ ಬಂತು. ಮುಂದಿನ ಹನ್ನೆರಡು ವರ್ಷ ಸಂಸ್ಥೆ ವೈರಸ್ ಅಧ್ಯಯನದ ದೊಡ್ಡ ಕೇಂದ್ರವಾಯಿತು. ಇನ್‌ಫ್ಲುಯೆಂಜಾ ವೈರಸ್ ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಅವನ್ನು ಗುಂಪುಗೂಡಿಸುತ್ತದೆ ಎಂದು ಅಮೆರಿಕದ ಜಾರ್ಜ್ ಹರ್ಸ್ಟ್ 1941ರಲ್ಲಿ ಕಂಡಿದ್ದರು. ಕಾಲರಾ ಬ್ಯಾಕ್ಟೀರಿಯಾ ಸ್ರವಿಸುವ ಒಂದು ಕಿಣ್ವವನ್ನು ಹಾಕಿದರೆ ರಕ್ತಕಣದ ಮೇಲೆ ವೈರಸ್ ಅಂಟುವ ಜಾಗವೇ ಅಳಿಸಿಹೋಗುತ್ತದೆಂದು 1946ರಲ್ಲಿ ಬರ್ನೆಟ್, ಸ್ಟೋನ್ ಮತ್ತು ಅವರ ಸಹೋದ್ಯೋಗಿ ಕಂಡುಕೊಂಡರು. ಜರ್ಮನಿಯಿಂದ ಜೀವ ಉಳಿಸಿಕೊಂಡು ಬಂದು ಸಂಸ್ಥೆಯಲ್ಲಿ ನೆಲೆನಿಂತಿದ್ದ ರಸಾಯನ ವಿಜ್ಞಾನಿ ಆಲ್‌ಫ್ರೆಡ್ ಗಾಟ್‌ಶಾಲ್ಕ್ ಆ ಕ್ರಿಯೆಯ ರಸಾಯನವನ್ನು ಬಿಡಿಸಿಟ್ಟರು. ವೈರಸ್ಸಿನ ಮೇಲೂ ಇರುವ ಈ ಬಗೆಯ ಕಿಣ್ವವೇ ನ್ಯೂರಮಿನಿಡೇಸ್. ಎಚ್1ಎನ್1 ಎಂಬ ಹೆಸರಿನಲ್ಲಿ 'ಎನ್' ಸೂಚಿಸುವುದು ಅದನ್ನೇ. 1948ರಲ್ಲಿ ಗ್ಲಾಸ್ಗೋದ ಅಲಿಕ್ ಐಸಾಕ್ಸ್ ಇಲ್ಲಿಗೆ ಬಂದು, ಒಂದು ವೈರಸ್ ಹೊಕ್ಕ ಕೋಶಕ್ಕೆ ಇನ್ನೊಂದು ವೈರಸ್ ಹೊಗಲಾರದ ವಿಚಿತ್ರವನ್ನು ಎಡ್ನಿ ಮತ್ತು ಬರ್ನೆಟ್ ಜೊತೆ ಪರಿಶೀಲಿಸಿದರು. ಅದೇ ಜಾಡು ಹಿಡಿದು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸರೂ ಸ್ವಿಟ್ಜರ್ಲೆಂಡಿನ ಜಾನ್ ಲಿಂಡನ್‌ಮನ್ನರೂ ಆ ತಡೆಗೆ ಕಾರಣವಾದ ಇಂಟರ್‌ಫೆರಾನ್ ಎಂಬ ವಸ್ತುವನ್ನು ಕಂಡುಹಿಡಿದರು.

ಇದೇ ಕಾಲದಲ್ಲಿ ಸಂಸ್ಥೆಯ ಫ್ರಾಂಕ್ ಫೆನ್ನರ್ ಇಲಿಗಳ ಸಿಡುಬನ್ನು ಅಧ್ಯಯನ ಮಾಡುತ್ತ, ವೈರಸ್ ದೇಹ ಹೊಕ್ಕ ಗಳಿಗೆಯಿಂದ ಮೈಮೇಲೆ ಬೊಕ್ಕೆ ಏಳುವವರೆಗೆ ಯಾವ ಅಂಗದಿಂದ ಯಾವ ಅಂಗಕ್ಕೆ ಸಾಗುತ್ತದೆಂಬ ಕಥೆಯನ್ನು ದಿನದಿನವಾಗಿ ದಾಖಲಿಸಿದರು. 1951ರಲ್ಲಿ ಮೊಲಗಳ ಹಾವಳಿ ತಗ್ಗಿಸಲು ಬಿಟ್ಟ ಮಿಕ್ಸೊಮಾ ವೈರಸ್ ಹಬ್ಬುತ್ತಿದ್ದಾಗಲೇ ಮರ್ರೆ ನದಿ ಕಣಿವೆಯಲ್ಲಿ ಮಿದುಳುಜ್ವರವೂ ಕಾಣಿಸಿಕೊಂಡಿತು. ಎರಡಕ್ಕೂ ಸಂಬಂಧವಿದೆಯೆಂದು ಜನ ಗಾಬರಿಗೊಂಡರು. ಬರ್ನೆಟ್, ಫೆನ್ನರ್ ಮತ್ತು ಸರ್ಕಾರಿ ವಿಜ್ಞಾನ ಸಂಸ್ಥೆಯ ಮುಖ್ಯಸ್ಥ ಇಯಾನ್ ಕ್ಲೂನೀಸ್ ರಾಸ್ ಮಿಕ್ಸೊಮಾ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಮೂವರಿಗೂ ಏನೂ ಆಗಲಿಲ್ಲ. ಮಿದುಳುಜ್ವರಕ್ಕೆ ಸೊಳ್ಳೆ ಹರಡುವ ಬೇರೊಂದು ವೈರಸ್ ಕಾರಣವೆಂದು ಸಂಸ್ಥೆಯ ಎರಿಕ್ ಫ್ರೆಂಚ್ ಪತ್ತೆ ಮಾಡಿದರು. ಫೆನ್ನರ್ ಮುಂದೆ ಕ್ಯಾನ್‌ಬೆರಾದಲ್ಲಿ ನೆಲೆಸಿದರು. ಭೂಮಿಯಿಂದ ಸಿಡುಬು ತೊಲಗಿದೆಯೆಂದು ಪರಿಶೀಲಿಸಿ ದೃಢೀಕರಿಸಿದ ಜಾಗತಿಕ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದು, 1980ರಲ್ಲಿ ಆ ಸುದ್ದಿಯನ್ನು ವಿಶ್ವ ಆರೋಗ್ಯ ಸಭೆಯ ಮುಂದಿಟ್ಟರು.

ಈ ವರ್ಷಗಳ ಒಂದು ಸಂಗತಿಯನ್ನು ಮರೆಮಾಚುವಂತಿಲ್ಲ. 1947ರಲ್ಲಿ ಬರ್ನೆಟ್ ಆಸ್ಟ್ರೇಲಿಯಾದ ರಕ್ಷಣಾ ಇಲಾಖೆಗೆ ಗುಟ್ಟಾಗಿ ಸಲಹೆ ಕೊಟ್ಟರು. ಯುದ್ಧವಾದರೆ ಏಷ್ಯಾದ ಜನನಿಬಿಡ ನಾಡುಗಳ ಆಹಾರ ಬೆಳೆಗಳ ಮೇಲೂ ಜನರ ಮೇಲೂ ರೋಗಾಣು ಅಸ್ತ್ರ ಬಳಸುವ ಸಾಧ್ಯತೆಯ ಚರ್ಚೆ ಅದರಲ್ಲಿತ್ತು. ಆ ಕಾಗದಗಳು ಬಹಿರಂಗವಾದದ್ದು ಬಹಳ ವರ್ಷಗಳ ನಂತರ. ರೋಗ ತಡೆಯಲು ಬಾಳು ಸವೆಸಿದವರ ಕೈಯಿಂದಲೇ ಬಂದ ಸಲಹೆಯಿದು. ಏಷ್ಯಾದ ಓದುಗರಿಗೆ ಅದು ಅವರ ಸಾಧನೆಯಷ್ಟೇ ತಿಳಿದಿರಬೇಕಾದ ವಿಷಯ.

ವೈರಸ್ಸಿನಿಂದ ರೋಗನಿರೋಧಕ ಶಕ್ತಿಯ ಕಡೆಗೆ ಹೊರಳಲು ಮೊಟ್ಟೆಯೇ ಕಾರಣವಾಯಿತು. ಮೊಟ್ಟೆಯೊಳಗಿನ ಭ್ರೂಣ ಎಷ್ಟು ವೈರಸ್ ಸುರಿದರೂ ಪ್ರತಿಕಾಯ ತಯಾರಿಸುವುದಿಲ್ಲ. ಏಕೆ? 1945ರಲ್ಲಿ ಅಮೆರಿಕದ ರೇ ಓವೆನ್ ಅವಳಿ ಕರುಗಳ ರಕ್ತದಲ್ಲಿ ಒಂದು ಬೆರಗನ್ನು ಕಂಡಿದ್ದರು. ಗರ್ಭದಲ್ಲಿ ರಕ್ತನಾಳ ಹಂಚಿಕೊಂಡ ಅವಳಿಗಳು ಪರಸ್ಪರರ ರಕ್ತಕಣಗಳನ್ನು ಬದುಕಿನುದ್ದಕ್ಕೂ ಸಹಿಸಿಕೊಳ್ಳುತ್ತವೆ. ಇವೆರಡನ್ನೂ ಜೋಡಿಸಿ ನೋಡಿದ ಬರ್ನೆಟ್ ಮತ್ತು ಫೆನ್ನರ್ 1949ರ ತಮ್ಮ ಪುಸ್ತಕದಲ್ಲಿ ಹೊಸ ಮಾತು ಹೇಳಿದರು: ದೇಹ 'ತನ್ನದು' ಮತ್ತು 'ಅನ್ಯ' ಎಂಬ ಭೇದವನ್ನು ಆನುವಂಶಿಕವಾಗಿ ಪಡೆಯುವುದಿಲ್ಲ, ಭ್ರೂಣಾವಸ್ಥೆಯಲ್ಲಿ ಕಲಿಯುತ್ತದೆ. ಆ ಹೊತ್ತಿನಲ್ಲಿ ಎದುರಾದ ಅನ್ಯವಸ್ತುವನ್ನೂ ಅದು ತನ್ನದೆಂದೇ ಒಪ್ಪಿಕೊಂಡೀತು. ಇದನ್ನು ರುಜುವಾತು ಮಾಡಲು ಬರ್ನೆಟ್, ಸ್ಟೋನ್, ಎಡ್ನಿ ಮೂವರೂ ಭ್ರೂಣಗಳಿಗೆ ವೈರಸ್ ಚುಚ್ಚಿ, ಮರಿ ಬೆಳೆದ ಮೇಲೆ ಪರೀಕ್ಷಿಸಿದರು. ಮರಿಗಳು ಎಂದಿನಂತೆ ಪ್ರತಿಕಾಯ ತಯಾರಿಸಿದವು. 1950ರಲ್ಲಿ ಆ ಸೋಲನ್ನೇ ಪ್ರಕಟಿಸಿದರು. ಮೂರು ವರ್ಷದ ನಂತರ ಇಂಗ್ಲೆಂಡಿನಲ್ಲಿ ಪೀಟರ್ ಮೆಡವಾರ್, ರೂಪರ್ಟ್ ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್ ಇಲಿಯ ಭ್ರೂಣಕ್ಕೆ ಬೇರೆ ತಳಿಯ ಜೀವಕೋಶ ಸೇರಿಸಿ, ಆ ಇಲಿ ಬೆಳೆದ ಮೇಲೆ ಆ ತಳಿಯ ಚರ್ಮದ ಕಸಿಯನ್ನು ತಿರಸ್ಕರಿಸದೆ ಉಳಿಸಿಕೊಳ್ಳುವುದನ್ನು ತೋರಿಸಿದರು. 1960ರ ನೊಬೆಲ್ ಪ್ರಶಸ್ತಿ ಬರ್ನೆಟ್ ಮತ್ತು ಮೆಡವಾರ್ ಇಬ್ಬರಿಗೆ ಸಂದಿತು. ಊಹಿಸಿದವರೊಬ್ಬರು, ಸಾಧಿಸಿ ತೋರಿಸಿದವರೊಬ್ಬರು.

ಬರ್ನೆಟ್ ತಮ್ಮ ನಿಜವಾದ ಕೊಡುಗೆಯೆಂದು ಭಾವಿಸಿದ್ದು ಇದನ್ನಲ್ಲ. 1957ರಲ್ಲಿ ಆಸ್ಟ್ರೇಲಿಯಾದ ಪುಟ್ಟ ಪತ್ರಿಕೆಯೊಂದರಲ್ಲಿ ಅವರು ಎರಡು ಮೂರು ಪುಟದ ಲೇಖನ ಪ್ರಕಟಿಸಿದರು. ಡೆನ್ಮಾರ್ಕಿನ ನೀಲ್ಸ್ ಯೆರ್ನೆ ಎರಡು ವರ್ಷ ಹಿಂದೆ ಮುಂದಿಟ್ಟಿದ್ದ ವಾದದ ತಿದ್ದುಪಡಿ ಅದು. ದೇಹದಲ್ಲಿ ಮೊದಲೇ ಲೆಕ್ಕವಿಲ್ಲದಷ್ಟು ಬಗೆಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿರುತ್ತವೆ. ಒಂದೊಂದು ಬಗೆಯೂ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸಬಲ್ಲದು. ಹೊರಗಿನ ರೋಗಾಣು ಬಂದಾಗ ಅದಕ್ಕೆ ಹೊಂದುವ ಕೋಶ ಆರಿಸಲ್ಪಟ್ಟು, ಒಡೆದು ಒಡೆದು ದೊಡ್ಡ ಬಳಗವಾಗುತ್ತದೆ. ದೇಹದ ಸ್ವಂತ ವಸ್ತುವಿಗೇ ಹೊಂದುವ ಕೋಶಗಳು ಮೊದಲೇ ನಾಶವಾಗುತ್ತವೆ. ಮೂವತ್ತು ವರ್ಷ ಹಿಂದೆ ಕಂಡ ಪ್ರತಿಕಾಯದ ಏರಿಕೆಗೆ ಈಗ ಅರ್ಥ ಸಿಕ್ಕಿತು. ಅಮೆರಿಕದ ಡೇವಿಡ್ ಟಾಲ್‌ಮೇಜ್ ಕೂಡ ಸ್ವತಂತ್ರವಾಗಿ ಅದೇ ಕಾಲಕ್ಕೆ ಹತ್ತಿರದ ವಿಚಾರಕ್ಕೆ ಬಂದಿದ್ದರು. ಸಂಸ್ಥೆಯ ಇಪ್ಪತ್ತಾರರ ಹರೆಯದ ಸಂಶೋಧಕ ಗುಸ್ಟಾವ್ ನಾಸಲ್, ಅಮೆರಿಕದಿಂದ ಮೆಲ್ಬರ್ನಿಗೆ ಬಂದಿದ್ದ ಜೋಶುವಾ ಲೆಡರ್‌ಬರ್ಗ್ ಜೊತೆಗೂಡಿ ಇದನ್ನು ಪರೀಕ್ಷೆಗೊಡ್ಡಿದರು. ಎರಡು ಬಗೆಯ ಬ್ಯಾಕ್ಟೀರಿಯಾ ಚುಚ್ಚಿದ ಇಲಿಯ ಕೋಶಗಳನ್ನು ಒಂದೊಂದಾಗಿ ಸಣ್ಣ ಹನಿಗಳಲ್ಲಿ ಬೇರ್ಪಡಿಸಿ ನೋಡಿದಾಗ, ಪ್ರತಿಯೊಂದು ಕೋಶವೂ ಒಂದು ಬಗೆಯ ಪ್ರತಿಕಾಯವನ್ನಷ್ಟೇ ಸ್ರವಿಸುತ್ತಿತ್ತು. 1958ರಲ್ಲಿ ಪ್ರಕಟವಾದ ಈ ಫಲಿತಾಂಶ ಸಿದ್ಧಾಂತಕ್ಕೆ ಮೊದಲ ಗಟ್ಟಿ ಆಧಾರ.

1957ರಿಂದಲೇ ಬರ್ನೆಟ್ ಇಡೀ ಸಂಸ್ಥೆಯನ್ನು ಇಮ್ಯುನಾಲಜಿಯತ್ತ, ಅಂದರೆ ರೋಗನಿರೋಧದ ಅಧ್ಯಯನದತ್ತ ತಿರುಗಿಸಿದರು. ಚೆನ್ನಾಗಿ ನಡೆಯುತ್ತಿದ್ದ ವೈರಸ್ ವಿಭಾಗವನ್ನು ಮುಚ್ಚುವುದು ಅಲ್ಲಿದ್ದವರಿಗೆ ಸುಲಭದ ಮಾತಾಗಿರಲಿಲ್ಲ. ಇನ್‌ಫ್ಲುಯೆಂಜಾ ವೈರಸ್ಸಿನಲ್ಲಿ ಆರ್‌ಎನ್‌ಎ ಇದೆಯೆಂದು ತೋರಿಸಿದ್ದ ಗಾರ್ಡನ್ ಏಡಾ ಕ್ಷೇತ್ರ ಬದಲಿಸಿ ಉಳಿದರು. ಕೆಲವರು ಬೇರೆಡೆಗೆ ಹೋದರು. ಹಳೆಯ ಕೋಳಿಮೊಟ್ಟೆ ಮಾತ್ರ ಹೊಸ ಕೆಲಸಕ್ಕೂ ಒದಗಿತು. ಅಲೆಕ್ಸಾಂಡರ್ ಷೆನ್‌ಬರ್ಗ್ ಮತ್ತು ನೋಯಲ್ ವಾರ್ನರ್ 1962ರಲ್ಲಿ ಕೋಳಿಮರಿಗಳಲ್ಲಿ ಎರಡು ಅಂಗಗಳ ಕೆಲಸ ಬೇರೆ ಬೇರೆಯೆಂದು ಗುರುತಿಸಿದರು. ಬಾಲದ ಬಳಿಯ ಬರ್ಸಾ ಎಂಬ ಚೀಲ ಪ್ರತಿಕಾಯಗಳಿಗೆ ಬೇಕು, ಎದೆ ಮತ್ತು ಕತ್ತಿನ ಥೈಮಸ್ ಗ್ರಂಥಿ ಕೋಶಗಳೇ ನೇರವಾಗಿ ನಡೆಸುವ ಪ್ರತಿರೋಧಕ್ಕೆ ಬೇಕು. ಸಸ್ತನಿಗಳಲ್ಲಿ ಈ ಕಥೆಯನ್ನು ಪೂರ್ಣಗೊಳಿಸಿದವರು ಜಾಕ್ ಮಿಲ್ಲರ್. ನಾಸಲ್ ಮತ್ತು ಮಿಲ್ಲರ್ ಇಬ್ಬರೂ 1931ರಲ್ಲಿ ಯುರೋಪಿನಲ್ಲಿ ಹುಟ್ಟಿ, ಯುದ್ಧದ ಆಸುಪಾಸಿನಲ್ಲಿ ಆಸ್ಟ್ರೇಲಿಯಾ ಸೇರಿದ ಮಕ್ಕಳು. ಸಿಡ್ನಿಯಲ್ಲಿ ಒಂದೇ ಶಾಲೆಯಲ್ಲಿ ಕಲಿತವರು. ಲಂಡನ್ನಿನಲ್ಲಿದ್ದಾಗ 1961ರಲ್ಲಿ ಮಿಲ್ಲರ್, ನವಜಾತ ಇಲಿಗಳ ಥೈಮಸ್ ತೆಗೆದರೆ ಅವು ಸೋಂಕಿಗೆ ಬಲಿಯಾಗುವುದನ್ನೂ ಅನ್ಯ ಚರ್ಮವನ್ನು ತಿರಸ್ಕರಿಸದಿರುವುದನ್ನೂ ತೋರಿಸಿದರು. ನಿಷ್ಪ್ರಯೋಜಕವೆಂದು ಪಠ್ಯಪುಸ್ತಕಗಳು ಬದಿಗೊತ್ತಿದ್ದ ಗ್ರಂಥಿ ಅದು. 1965ರಲ್ಲಿ ನಿರ್ದೇಶಕರಾದ ನಾಸಲ್ ಮಿಲ್ಲರನ್ನು ಮೆಲ್ಬರ್ನಿಗೆ ಕರೆಸಿಕೊಂಡರು. 1968ರಲ್ಲಿ ಮಿಲ್ಲರ್ ಮತ್ತು ಅವರ ವಿದ್ಯಾರ್ಥಿ ಗ್ರಹಾಂ ಮಿಚೆಲ್ ಲಿಂಫೋಸೈಟ್‌ಗಳಲ್ಲಿ ಎರಡು ಪಂಗಡಗಳಿವೆಯೆಂದು ಸ್ಪಷ್ಟಪಡಿಸಿದರು. ಥೈಮಸ್‌ನಲ್ಲಿ ಪಳಗಿದ ಟಿ ಕೋಶಗಳು ನೆರವಾದಾಗ ಮೂಳೆಮಜ್ಜೆಯಿಂದ ಬಂದ ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಟಿ ಕೋಶದ ವಂಶಾವಳಿ ಇಲ್ಲಿಂದ ಶುರು.

ಥೈಮಸ್ ಎಳವೆಯಲ್ಲಿ ದೊಡ್ಡದಿದ್ದು ವಯಸ್ಸಾದಂತೆ ಕುಗ್ಗಿ ಕೊಬ್ಬಾಗುತ್ತದೆ. ರೋಗನಿರೋಧದ ಅಧ್ಯಯನ ಮುಪ್ಪಿನ ಅಧ್ಯಯನವನ್ನು ಸಂಧಿಸುವುದು ಈ ಜಾಗದಲ್ಲಿ. ಸಂಸ್ಥೆಯ ವೈದ್ಯಕೀಯ ಘಟಕದಲ್ಲಿ ಇಯಾನ್ ಮೆಕೇ, ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿ ಬೀಳುವ ರೋಗಿಗಳನ್ನು ಐವತ್ತರ ದಶಕದಿಂದ ಗಮನಿಸುತ್ತಿದ್ದರು. ಅವರೂ ಬರ್ನೆಟ್ಟರೂ ಸೇರಿ 1963ರಲ್ಲಿ ಸ್ವಯಂನಿರೋಧಕ ರೋಗಗಳ ಬಗ್ಗೆ ಪುಸ್ತಕ ಬರೆದರು. ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಮರಿಯಾನ್ ಬೀಲ್‌ಶೋಸ್ಕಿ ಬೆಳೆಸಿದ ಕಪ್ಪು ಇಲಿಯ ತಳಿಯೊಂದು ತಿಂಗಳುಗಳು ಕಳೆದಂತೆ ತನ್ನ ಕೆಂಪು ರಕ್ತಕಣಗಳನ್ನೇ ನಾಶ ಮಾಡಿಕೊಳ್ಳುತ್ತಿತ್ತು. ಮಾರ್ಗರೆಟ್ ಹೋಮ್ಸ್ ಮತ್ತು ಬರ್ನೆಟ್ ಆ ಇಲಿಗಳನ್ನು ಮೆಲ್ಬರ್ನಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, ಥೈಮಸ್‌ನಲ್ಲಿ ವಿಕಾರಗಳನ್ನು ಕಂಡರು. ಬಾಲ್ಯದಲ್ಲಿ ಅಳಿಸಿಹೋಗಬೇಕಿದ್ದ 'ನಿಷಿದ್ಧ' ಕೋಶಬಳಗಗಳು ಮುಂದೆ ಕೋಶದೊಳಗಿನ ಉತ್ಪರಿವರ್ತನೆಗಳಿಂದ ಮತ್ತೆ ಹುಟ್ಟಿಕೊಳ್ಳಬಹುದು ಎಂದು ಬರ್ನೆಟ್ ವಾದಿಸಿದರು.

1965ರಲ್ಲಿ ನಿವೃತ್ತರಾದ ಮೇಲೆ ಅವರು ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದ ಕೋಣೆಯೊಂದಕ್ಕೆ ಬಂದರು. ಪ್ರಯೋಗ ನಿಂತಿತು; ಬರವಣಿಗೆ ಹೆಚ್ಚಿತು. ಮುಪ್ಪಿನ ಬಗ್ಗೆ ಆಗ ಹಲವು ವಾದಗಳಿದ್ದವು. ಕೋಶಗಳು ನಿರ್ದಿಷ್ಟ ಸಲವಷ್ಟೇ ಒಡೆಯಬಲ್ಲವೆಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ ವಾಲ್ಫರ್ಡ್ 1969ರ ಪುಸ್ತಕದಲ್ಲಿ ಮುಪ್ಪಿಗೆ ರೋಗನಿರೋಧ ವ್ಯವಸ್ಥೆಯ ಕೆಡುಕೇ ಮೂಲವೆಂದಿದ್ದರು. 1974 ಮತ್ತು 1976ರ ತಮ್ಮ ಎರಡು ಪುಸ್ತಕಗಳಲ್ಲಿ ಬರ್ನೆಟ್ ಹೇಳಿದ್ದು ಹೀಗೆ: ಡಿಎನ್‌ಎ ನಕಲು ಮಾಡುವ, ದುರಸ್ತಿ ಮಾಡುವ ಕಿಣ್ವಗಳು ಎಂದೂ ನೂರಕ್ಕೆ ನೂರು ನಿಖರವಲ್ಲ. ತಪ್ಪುಗಳು ಕೋಶದಿಂದ ಕೋಶಕ್ಕೆ ಸೇರುತ್ತ ಹೋಗುತ್ತವೆ. ಆ ಕಿಣ್ವಗಳ ನಿಖರತೆ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾದ್ದರಿಂದ ಇಲಿಯ ಆಯಸ್ಸು ಒಂದು, ಮನುಷ್ಯನದು ಇನ್ನೊಂದು. ಥೈಮಸ್ ಆಶ್ರಿತ ವ್ಯವಸ್ಥೆ ಬೇಗ ಸವೆಯುವುದರಿಂದ ಸೋಂಕು, ಸ್ವಯಂನಿರೋಧಕ ರೋಗ, ಕ್ಯಾನ್ಸರ್ ಮೂರೂ ಇಳಿವಯಸ್ಸಿನಲ್ಲಿ ಒಟ್ಟಿಗೆ ಹೆಚ್ಚುತ್ತವೆ. ಇದೇ ಕಾಲದ ಅವರ ಸಾಮಾಜಿಕ ಬರಹಗಳು ಕಠೋರ. ದೋಷವಿರುವ ಶಿಶುಗಳ ಬಗ್ಗೆ, ಸಾವಿನ ಬಗ್ಗೆ ಆಡಿದ ಮಾತುಗಳು ಹಲವರನ್ನು ನೋಯಿಸಿದವು. ಬರ್ನೆಟ್ 1985ರ ಆಗಸ್ಟ್ 31ರಂದು ಪೋರ್ಟ್ ಫೇರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಅವರ ಮುಪ್ಪಿನ ವಾದದಲ್ಲಿ ಎಲ್ಲವೂ ನಿಂತಿಲ್ಲ. ಮುಪ್ಪಿಗೆ ಉತ್ಪರಿವರ್ತನೆಯೊಂದೇ ಕಾರಣವೆಂದು ಇಂದು ಯಾರೂ ಹೇಳುವುದಿಲ್ಲ. ಆದರೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು, ಎಪ್ಪತ್ತು ದಾಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ರಕ್ತದಲ್ಲಿ ಉತ್ಪರಿವರ್ತನೆ ಹೊತ್ತ ಒಂದೇ ಕೋಶದ ಸಂತಾನ ಗಣನೀಯವಾಗಿ ಹಬ್ಬಿರುತ್ತದೆಂದು ತೋರಿಸಿದವು. ಅದು ರಕ್ತದ ಕ್ಯಾನ್ಸರ್ ಮಾತ್ರವಲ್ಲ, ಹೃದ್ರೋಗದ ಅಪಾಯವನ್ನೂ ಹೆಚ್ಚಿಸುತ್ತದೆ. ಕೋಶಬಳಗಗಳ ನಡುವಿನ ಆಯ್ಕೆ ದೇಹದೊಳಗೆ ಆಯುಷ್ಯಪೂರ್ತಿ ನಡೆಯುತ್ತದೆ ಎಂಬ ಬರ್ನೆಟ್ ನೋಟ ಅಷ್ಟರ ಮಟ್ಟಿಗೆ ಸರಿಯಾಗಿತ್ತು.

ಅವರು ತಪ್ಪಿದ್ದು ಇನ್ನೊಂದು ಕಡೆ. ಅಣುಜೀವಶಾಸ್ತ್ರದಿಂದ ವೈದ್ಯಕ್ಕೆ ದೊಡ್ಡ ಪ್ರಯೋಜನವಾಗದು ಎಂದು ಅವರು ನಂಬಿದ್ದರು. ಅವರದೇ ಸಂಸ್ಥೆಯಲ್ಲಿ ಡೊನಾಲ್ಡ್ ಮೆಟ್‌ಕಾಫ್ 1965ರಿಂದ ಬಿಳಿ ರಕ್ತಕಣಗಳ ಬೆಳವಣಿಗೆಗೆ ಬೇಕಾದ ಹಾರ್ಮೋನ್‌ಗಳ ಬೆನ್ನು ಹತ್ತಿದರು. ಜೀನ್ ತಂತ್ರಜ್ಞಾನ ಬಂದ ಮೇಲೆ ಅವು ಔಷಧಗಳಾಗಿ, ಕೀಮೋಥೆರಪಿ ಪಡೆದ ರೋಗಿಗಳ ರಕ್ತ ಚೇತರಿಸಿಕೊಳ್ಳಲು ನೆರವಾದವು. 1988ರಲ್ಲಿ ಡೇವಿಡ್ ವೋ, ಸುಜಾನ್ ಕೋರಿ, ಜೆರ್ರಿ ಆಡಮ್ಸ್ ಅವರು ಬಿಸಿಎಲ್-2 ಎಂಬ ಜೀನ್ ಲಿಂಫೋಸೈಟ್‌ಗಳನ್ನು ಸಾಯದಂತೆ ತಡೆಯುತ್ತದೆಂದು ಕಂಡುಹಿಡಿದರು. ಸಾಯಬೇಕಾದ ಕೋಶ ಸಾಯದೆ ಉಳಿದರೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಕೋರಿ 1996ರಲ್ಲಿ ನಾಸಲ್ ನಂತರ ನಿರ್ದೇಶಕಿಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಬಿಸಿಎಲ್-2 ಪ್ರೋಟೀನನ್ನು ತಡೆಯುವ ವೆನೆಟೋಕ್ಲಾಕ್ಸ್ ಔಷಧ ಈ ಸಂಸ್ಥೆಯೂ ಔಷಧ ಕಂಪನಿಗಳೂ ಕೂಡಿ ಮಾಡಿದ ಕೆಲಸದಿಂದ ಬಂತು. ಹೆಚ್ಚಾಗಿ ವಯಸ್ಸಾದವರನ್ನು ಕಾಡುವ ದೀರ್ಘಕಾಲೀನ ಲಿಂಫೋಸೈಟ್ ರಕ್ತ ಕ್ಯಾನ್ಸರಿಗೆ 2016ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.